ಮಗಳ ಬುದ್ಧಿಗೊಂದು ತಖ್ತೆ

ಮೊನ್ನೆ ಟ್ರಂಕಿನ ತಳದಲ್ಲಿ ಹಳೆಯ ಕಾಗದಪತ್ರ ಹುಡುಕುತ್ತಿದ್ದಾಗ ನಾಲ್ಕು ಮಡಿಕೆ ಮಾಡಿಟ್ಟ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ಒಂದು ತಖ್ತೆ, ನನ್ನದೇ ದುಂಡು ಅಕ್ಷರದಲ್ಲಿ ಬರೆದ ಪಟ್ಟಿ. ಎಡಕ್ಕೆ ‘ತಿಂಗಳು’, ನಡುವೆ ‘ಲಕ್ಷಣ’, ಬಲಕ್ಕೆ ‘ಷರಾ’. ಮೂರನೆಯ ತಿಂಗಳು ಕತ್ತು ನಿಲ್ಲುವುದು, ಆರನೆಯ ತಿಂಗಳು ಸಪ್ಪಳಕ್ಕೆ ತಿರುಗುವುದು, ಒಂಬತ್ತನೆಯ ತಿಂಗಳು ಮರೆಯಾದ ವಸ್ತುವನ್ನು ಹುಡುಕುವುದು, ಹೀಗೆ ಐದು ವರ್ಷದವರೆಗೆ. ಚೌಕಚೌಕದ ಕೆಲವು ಮನೆಗಳಲ್ಲಿ ಸರಿ ಗುರುತು, ಕೆಲವು ಕಡೆ ಪ್ರಶ್ನಾರ್ಥಕ ಚಿಹ್ನೆ. ಒಂದು ಮನೆಯ ಸುತ್ತ ಕೆಂಪು ಶಾಯಿಯಲ್ಲಿ ಎರಡು ಸಲ ಗೆರೆ ಎಳೆದು ಒಳಗೆ ಖಾಲಿ ಬಿಟ್ಟಿದ್ದೆ. ಜನ ಗೋಡೆಗೆ ದೇವರ ಫೋಟೋ ಹಾಕುತ್ತಾರೆ, ಕ್ಯಾಲೆಂಡರ್ ಹಾಕುತ್ತಾರೆ. ನಾನು ನನ್ನ ಮಗಳ ಬುದ್ಧಿಯನ್ನು ಮೊಳೆ ಹೊಡೆದು ತೂಗುಹಾಕಿದ್ದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಗುವ ಸಂಗತಿಗಳು ಇನ್ನೂ ಇವೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹುನಗುಂದದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆ ಇಳಕಲ್ಲಿನ ನೇಕಾರರ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮಾಸ್ತರಿಕೆಗೆ ಮೊದಲು ಮಾಡಿದ ಟ್ರೇನಿಂಗಿನಲ್ಲಿ ಮಕ್ಕಳ ಮನಃಶಾಸ್ತ್ರ ಎಂಬ ಒಂದು ವಿಷಯವಿತ್ತು. ಪಾಠ ಹೇಳುತ್ತಿದ್ದವರಿಗೂ ಮಕ್ಕಳಿರಲಿಲ್ಲ, ಕೇಳುತ್ತಿದ್ದ ನಮಗೂ ಮಕ್ಕಳಿರಲಿಲ್ಲ. ಹಾಗಾಗಿ ವಿಷಯ ಬಹಳ ಸಲೀಸಾಗಿ ಅರ್ಥವಾಯಿತು. ಯಾವ ತಿಂಗಳಿಗೆ ಕೂಸಿನ ತಲೆಯೊಳಗೆ ಏನೇನು ಅರಳಬೇಕು ಎಂಬುದನ್ನು ನಾನು ಬಸ್ಸಿನ ವೇಳಾಪಟ್ಟಿಯ ಹಾಗೆ ಬಾಯಿಪಾಠ ಮಾಡಿದ್ದೆ. ಬಸ್ಸು ತಡವಾಗಿ ಬರುವುದೂ ಉಂಟು ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

ನೀಲಾ ಹುಟ್ಟಿದ್ದು ನನ್ನ ಹೆಂಡತಿ ಕಸ್ತೂರಿಯ ತವರುಮನೆಯಲ್ಲಿ, ಬಾದಾಮಿಯಲ್ಲಿ. ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗಳು ಇಳಕಲ್ಲಿಗೆ ಬಂದರು. ನಮ್ಮದು ಸಣ್ಣ ಮನೆ. ಪಡಸಾಲೆಯಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೊಡೆಯುದ್ದದ ಕುಣಿ, ಅದರ ಅಂಚಿನ ಮೇಲೆ ಕುಳಿತು ಕಾಲು ಕುಣಿಯೊಳಗೆ ಇಳಿಬಿಟ್ಟು ಅಪ್ಪ ಮುಂಜಾನೆಯಿಂದ ಸಂಜೆಯತನಕ ಸೀರೆ ನೇಯುತ್ತಿದ್ದ. ಅವನ ಬಗಲಿಗೆ ಅವ್ವನ ರಾಟಿ. ಅವಳು ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗಳಿಗೆ ಸುತ್ತಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಈ ಎರಡರ ನಡುವೆ, ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ನನ್ನ ಮಗಳು. ತೊಟ್ಟಿಲ ಎದುರಿನ ಗೋಡೆಯಲ್ಲಿ ನನ್ನ ತಖ್ತೆ.

ಮೊದಲು ಎಲ್ಲವೂ ತಖ್ತೆಯ ಪ್ರಕಾರವೇ ನಡೆಯಿತು. ನಾಲ್ಕನೆಯ ತಿಂಗಳಲ್ಲಿ ಒಂದು ಮುಂಜಾನೆ ಅವಳು ತನ್ನ ಕೈಯನ್ನು ತಾನೇ ಕಂಡುಹಿಡಿದಳು. ನಾನು ಚಹಾದ ಬಟ್ಟಲು ಹಿಡಿದು ತೊಟ್ಟಿಲ ಬಳಿ ನಿಂತಿದ್ದೆ. ಅವಳ ಮುಖದ ಮೇಲಿಂದ ಒಂದು ಕೈ ಹಾದುಹೋಯಿತು. ಅವಳು ಅದನ್ನು ನೋಡಿದಳು. ಕೈ ತಿರುಗಿ ಬಂತು, ಮತ್ತೆ ನೋಡಿದಳು. ಆಮೇಲೆ ಕೈ ನಿಂತಿತು. ಬೆರಳು ಒಂದೊಂದಾಗಿ ಮಡಚಿತು, ಬಿಚ್ಚಿತು. ಆ ಮುಖದಲ್ಲಿ ಏನೋ ಒಂದು ಲೆಕ್ಕ ಹತ್ತುತ್ತಿರುವುದು ನನಗೆ ಕಾಣಿಸಿತು: ಇದನ್ನು ಆಡಿಸುತ್ತಿರುವವರು ಯಾರು? ನಾನೇ ಅಲ್ಲವೇ? ಮೂವತ್ತು ವರ್ಷ ಈ ಕೈಯನ್ನು ಹೊತ್ತು ತಿರುಗಿದ ನಾನು ಅವತ್ತು ಬಟ್ಟಲು ಕೆಳಗಿಟ್ಟು ನನ್ನ ಕೈಯನ್ನೂ ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡೆ. ಚಹಾ ಆರಿತು, ಬಸ್ಸೂ ತಪ್ಪಿತು.

‘ಏನ್ ನೋಡಾಕತ್ತೀರಿ ಹಂಗ?’ ಎಂದು ಕಸ್ತೂರಿ ಕೇಳಿದಳು.

‘ಇಕಿ ಕೈ ಸಿಕ್ಕೇತಿ ಇಕಿಗೆ,’ ಎಂದೆ.

‘ಕಳದಿತ್ತೇನು?’ ಎಂದು ಅವಳು ಒಳಗೆ ಹೋದಳು.

ಆರನೆಯ ತಿಂಗಳಿಗೆ ತಖ್ತೆ ನಿಂತುಬಿಟ್ಟಿತು. ‘ಸಪ್ಪಳಕ್ಕೆ ತಿರುಗುವುದು’ ಎಂಬ ಮನೆಗೆ ಸರಿ ಗುರುತು ಹಾಕಲು ಆಗಲಿಲ್ಲ. ಹೆಸರು ಹಿಡಿದು ಕರೆದರೆ ನೋಡಲಿಲ್ಲ, ಚಪ್ಪಾಳೆಗೆ ನೋಡಲಿಲ್ಲ. ನಾನು ಒಂದು ದಿನ ರಜೆ ಹಾಕಿ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಲು ಕುಳಿತೆ. ಪರೀಕ್ಷೆಯನ್ನು ಪ್ರಶಾಂತ ವಾತಾವರಣದಲ್ಲಿ ಮಾಡಬೇಕೆಂದು ನನ್ನ ಟ್ರೇನಿಂಗಿನ ವಹಿಯಲ್ಲಿ ಬರೆದಿತ್ತು. ಅವ್ವನಿಗೆ ಮಾತಾಡಬೇಡ ಎಂದೆ. ಕಸ್ತೂರಿಗೆ ಬಳೆ ಸಪ್ಪಳ ಮಾಡಬೇಡ ಎಂದೆ. ಹೊರಬಾಗಿಲು ಹಾಕಿದೆ. ಅಪ್ಪ ತನ್ನ ಪಾಡಿಗೆ ತಾನು ನೇಯುತ್ತಿದ್ದ. ನೀಲಾ ಕಸ್ತೂರಿಯ ತೊಡೆಯ ಮೇಲೆ ಕುಳಿತು ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡುತ್ತಿದ್ದಳು. ನಾನು ಬೆನ್ನ ಹಿಂದೆ ಸದ್ದಿಲ್ಲದೆ ಹೋಗಿ ಹಿತ್ತಾಳೆಯ ತಾಟಿಗೆ ಸೌಟಿನಿಂದ ಬಲವಾಗಿ ಬಡಿದೆ.

ಕೂಸು ತಿರುಗಲಿಲ್ಲ. ಇನ್ನೊಮ್ಮೆ ಬಡಿದೆ. ರೆಪ್ಪೆ ಕೂಡ ಅಲುಗಲಿಲ್ಲ. ಅವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪ ಮಾತ್ರ ಕತ್ತೆತ್ತದೆ ನೇಯುತ್ತಲೇ ಇದ್ದ. ಎಂಥ ಕಲ್ಲು ಮನಸ್ಸಿನ ಮನುಷ್ಯ ಎಂದುಕೊಂಡೆ.

ಅಪ್ಪನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಾನು ಒಬ್ಬನೇ ಮಗ. ಮಗ್ಗ ಬಿಟ್ಟು ಮಾಸ್ತರನಾಗುತ್ತೇನೆಂದು ಹೊರಟಾಗ ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಲ್ಲಿಂದೀಚೆಗೆ ಅವನು ನನ್ನ ಜೊತೆ ಮಾತು ಕಡಿಮೆ ಮಾಡುತ್ತ ಬಂದು, ಕೊನೆಗೆ ನಾನು ಏನಾದರೂ ಕೇಳಿದರೂ ಉತ್ತರ ಕೊಡುವುದನ್ನೇ ಬಿಟ್ಟಿದ್ದ. ಮಗನ ಮೇಲಿನ ಸಿಟ್ಟು ಎಂದು ಓಣಿಯವರೆಲ್ಲ ತಿಳಿದಿದ್ದರು. ನಾನೂ ಹಾಗೆಯೇ ತಿಳಿದು, ಒಳಗೊಳಗೆ ನೊಂದುಕೊಂಡು, ಹೊರಗೆ ಬಿಗಿದುಕೊಂಡು ಇದ್ದೆ. ಆದರೆ ಅವತ್ತು ನನಗೆ ಅಪ್ಪನ ಚಿಂತೆ ಇರಲಿಲ್ಲ. ಕಿವಿ ಕೇಳದ ಕೂಸಿಗೆ ಮಾತೂ ಬರುವುದಿಲ್ಲ ಎಂದು ನನ್ನ ವಹಿಯಲ್ಲೇ ಇತ್ತು. ನನಗೆ ಬಹಳ ಹೆದರಿಕೆಯಾಯಿತು. ಕಸ್ತೂರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಚಿತ್ರವಿತ್ತು. ನಮ್ಮ ಓಣಿಯಲ್ಲಿ ಅಮವಾಸ್ಯೆಯ ದಿನ ಮಗ್ಗ ನಡೆಸುವುದಿಲ್ಲ. ಅದು ನೇಕಾರರ ತಿಂಗಳ ರಜೆ. ಉಳಿದ ದಿನ ತಣ್ಣಗೆ ಆಡಿಕೊಂಡಿದ್ದು, ಸಂಜೆ ಮಗ್ಗ ನಿಲ್ಲುವ ಹೊತ್ತಿಗೆ ನಿದ್ದೆಹೋಗುತ್ತಿದ್ದ ನೀಲಾ ಅಮವಾಸ್ಯೆ ಬಂತೆಂದರೆ ಮುಂಜಾನೆಯಿಂದ ಅಳಲು ಹಿಡಿಯುತ್ತಿದ್ದಳು. ಎತ್ತಿಕೊಂಡರೂ ಅಳು, ತೂಗಿದರೂ ಅಳು.

‘ಅಮಾಸಿ ಕೂಸಿಗೆ ಆಗಿ ಬರಂಗಿಲ್ಲ. ಏನೋ ಸೋಕೇತಿ,’ ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆ ಘಾಟಿಗೆ ಕೂಸಿನ ಜೊತೆ ನಾವೂ ಕಣ್ಣೀರು ಹಾಕುತ್ತಿದ್ದೆವು. ವಿಜ್ಞಾನ ಓದಿದ ನಾನು ಇದನ್ನೆಲ್ಲ ನಂಬುವವನಲ್ಲ. ಆದ್ದರಿಂದ ಷರಾ ಕಾಲಮಿನಲ್ಲಿ ‘ಅಮವಾಸ್ಯೆ: ಅಳು. ಕಾರಣ ತಿಳಿಯದು’ ಎಂದು ಬರೆದು ಸುಮ್ಮನಾಗುತ್ತಿದ್ದೆ.

ಏಳನೆಯ ತಿಂಗಳಲ್ಲಿ ನೀಲಾಳನ್ನು ಬಾಗಲಕೋಟೆಯ ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಹಳೆಯ ಕಲ್ಲುಮನೆ, ದಪ್ಪ ಗೋಡೆ, ಒಳಗಿನ ಖೋಲಿ ಅವರ ದವಾಖಾನೆ. ನಾವು ಒಳಗೆ ಹೋಗುತ್ತಿದ್ದಂತೆ ಕರೆಂಟು ಹೋಗಿ ಫ್ಯಾನು ನಿಂತಿತು. ನೀಲಾ ಅಳತೊಡಗಿದಳು, ಅಮವಾಸ್ಯೆಯ ಅದೇ ಅಳು. ಡಾಕ್ಟರು ಆತುರ ಮಾಡಲಿಲ್ಲ. ವಯಸ್ಸಾದ ಮನುಷ್ಯ, ಅವಳನ್ನು ಮೇಜಿನ ಮೇಲೆ ಕೂರಿಸಿ ಕೈಗೊಂದು ಖಾಲಿ ಡಬ್ಬಿ ಕೊಟ್ಟು, ಅಳು ತಾನಾಗಿ ಇಳಿಯುವತನಕ ಕಾಯ್ದರು. ಆಮೇಲೆ ಎದ್ದು ಹೋಗಿ ಅವಳ ಬೆನ್ನ ಹಿಂದೆ ನಿಂತು ಔಷಧದ ಪುಡಿ ಕಟ್ಟುವ ಕಾಗದವೊಂದನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುದುಡಿದರು.

ನೀಲಾ ಗಕ್ಕನೆ ತಿರುಗಿದಳು. ಡಾಕ್ಟರು ಇನ್ನೊಂದು ಪಕ್ಕಕ್ಕೆ ಹೋಗಿ ಮುದುಡಿದರು, ಆ ಕಡೆಗೂ ತಿರುಗಿದಳು. ಕಸ್ತೂರಿ ನನ್ನ ತೋಳು ಹಿಡಿದುಕೊಂಡಳು.

‘ಇಕಿ ಕಿವಿ ನಿಮ್ಮ ಕಿವಿಕಿಂತಾ ಚಲೋ ಅದಾವ. ನೀವು ಮನ್ಯಾಗ ಹ್ಯಾಂಗ ನೋಡಿದ್ರಿ?’ ಎಂದು ಡಾಕ್ಟರು ಕೇಳಿದರು.

ನಾನು ತಾಟು, ಸೌಟು, ಪ್ರಶಾಂತ ವಾತಾವರಣ ಎಲ್ಲವನ್ನೂ ವಿವರಿಸಿದೆ.

‘ಮನ್ಯಾಗ ಸಪ್ಪಳ ಗಿಪ್ಪಳ ಏನರ ಇತ್ತೇನು ಆಗ?’

‘ಇಲ್ರಿ ಸಾಹೇಬ್ರ. ಒಂದ ಸಪ್ಪಳ ಇದ್ದಿಲ್ಲ. ಬಾಗಲಾ ಹಾಕಿದ್ನಿ.’

‘ಮನಿತನದ ಉದ್ಯೋಗ ಏನು?’

‘ನೇಕಾರಿಕಿರಿ.’

‘ಮಗ್ಗ ಎಲ್ಲೈತಿ?’

‘ಅಲ್ಲೇ ಐತ್ರಿ, ತೊಟ್ಟಲ ಬಾಜೂಕ.’

‘ನಿಂತಿತ್ತೋ, ನಡದಿತ್ತೋ?’

ನಾನು ಕಸ್ತೂರಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮಗ್ಗ ನಡೆದಿತ್ತು. ನಮ್ಮದೊಂದೇ ಅಲ್ಲ, ಓಣಿಯ ಅಷ್ಟೂ ಮನೆಗಳ ಮಗ್ಗ ನಡೆದಿದ್ದವು. ಹುಟ್ಟಿದಂದಿನಿಂದ ಆ ಖಟಪಟದ ನಡುವೆಯೇ ಉಂಡು ಮಲಗಿದ ನಾನು ಅದನ್ನು ಸಪ್ಪಳ ಎಂದು ಎಣಿಸಿಯೇ ಇರಲಿಲ್ಲ. ಅವ್ವನೂ ಎಣಿಸಿರಲಿಲ್ಲ. ಬಾದಾಮಿಯಿಂದ ಬಂದ ಕಸ್ತೂರಿ ಕೂಡ ಮೂರು ವರ್ಷಕ್ಕೆ ನಮ್ಮಂತೆಯೇ ಆಗಿಬಿಟ್ಟಿದ್ದಳು.

‘ಈ ಕೂಸಿಗೆ ಮಗ್ಗದ ಸಪ್ಪಳ ಅಂದ್ರ ಗಾಳಿ ಇದ್ದಂಗ. ಅದರೊಳಗ ನೀವು ತಾಟು ಬಡದ್ರೇನು, ಡೊಳ್ಳು ಬಡದ್ರೇನು. ಸಪ್ಪಳ ನಿಂತ್ರ ಮಾತ್ರ ಅಂಜತಾಳ,’ ಎಂದರು ಡಾಕ್ಟರು. ‘ಈಗ ಅತ್ಲಲ್ಲ, ಅದಕ್ಕ.’

ಅಮವಾಸ್ಯೆಯ ಗುಟ್ಟು ಅಲ್ಲಿಗೆ ಒಡೆಯಿತು. ಏಳು ತಿಂಗಳ ಕೂಸು ತನ್ನ ಲೋಕದ ಸಾಮಾನ್ಯ ಸ್ಥಿತಿ ಯಾವುದು ಎಂದು ತೀರ್ಮಾನ ಮಾಡಿಕೊಂಡು, ಅದು ತಪ್ಪಿದ ದಿನ ಮನೆಮಂದಿಗೆಲ್ಲ ಕೂಗಿ ಹೇಳುತ್ತಿತ್ತು. ನಾವು ಮೆಣಸಿನಕಾಯಿ ಸುಡುತ್ತಿದ್ದೆವು. ವಾಪಸ್ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಹುನಗುಂದ ಬರುವುದರೊಳಗೆ ನಾವಿಬ್ಬರೇ ಅದನ್ನು ಮುಗಿಸಿದೆವು.

ಸರಿ ಗುರುತು ಹಾಕಿದ ಮೇಲೆ ನನ್ನ ಉತ್ಸಾಹ ಇನ್ನೂ ಹೆಚ್ಚಿತು. ನೀಲಾ ಅಂಬೆಗಾಲಿಡತೊಡಗಿದಾಗ ಕುಣಿಗೆ ಬಿದ್ದಾಳೆಂದು ಅವ್ವ ಹಳೆಯ ಸೀರೆಯ ದಡಿಯಿಂದ ಅವಳ ಟೊಂಕವನ್ನು ಕಂಬಕ್ಕೆ ಕಟ್ಟಿದ್ದಳು. ಆ ದಡಿ ಎಷ್ಟು ಉದ್ದವಿತ್ತೆಂದರೆ ಕುಣಿಯ ಅಂಚಿನವರೆಗೆ ಸರಿಯಾಗಿ ಬರುತ್ತಿತ್ತು, ಒಂದು ಗೇಣೂ ಹೆಚ್ಚಿಲ್ಲ. ಅಲ್ಲಿ, ಅಪ್ಪನ ಎಡಮಗ್ಗುಲಲ್ಲಿ, ಅವಳ ಕಾಯಂ ಠಿಕಾಣಿ. ಕೈಗೊಂದು ಕಂಡಿಕೆ ಕೊಟ್ಟರೆ ಅದನ್ನು ಕುಣಿಯೊಳಗೆ ಬಿಡುವಳು. ಬಿಟ್ಟಕೂಡಲೇ ಅದನ್ನು ಮರೆತುಬಿಡುವಳು. ಕಣ್ಣಿಗೆ ಕಾಣದ್ದು ಅವಳ ಪಾಲಿಗೆ ಇರಲೇ ಇಲ್ಲ. ಅಪ್ಪ ಕುಣಿಯೊಳಗಿನ ಕಾಲಿನ ಬೆರಳಿನಿಂದ ಕಂಡಿಕೆಯನ್ನು ಎತ್ತಿ ಮೇಲಿಡುವನು. ಅವಳಿಗೆ ಅದು ಹೊಸ ಕಂಡಿಕೆ. ಮತ್ತೆ ಬಿಡುವಳು.

ಒಂದು ಮಧ್ಯಾಹ್ನ ಕಂಡಿಕೆ ಬಿದ್ದಿತು, ಮರೆಯಾಯಿತು. ನೀಲಾ ಬೇರೆ ಕಡೆ ತಿರುಗಬೇಕಾದವಳು ತಿರುಗಲಿಲ್ಲ. ಖಾಲಿ ಕೈ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಹೊಟ್ಟೆಯ ಮೇಲೆ ಸರಿದು, ಕುಣಿಯ ಅಂಚಿಗೆ ಗದ್ದ ಊರಿ, ಕತ್ತಲೊಳಗೆ ಇಣುಕಿದಳು. ಅಪ್ಪನ ಮಗ್ಗ ನಿಂತಿತು. ಅವನೂ ಕುಣಿಯೊಳಗೆ ಬಗ್ಗಿ ನೋಡಿದ. ಮುದುಕನೂ ಕೂಸೂ ತಲೆಗೆ ತಲೆ ಹಚ್ಚಿ ಕತ್ತಲಲ್ಲಿ ಏನೋ ಹುಡುಕುತ್ತಿದ್ದರು.

‘ಹುಡುಕಾಕ ಹತ್ತಿದ್ಲು ನೋಡು. ಇನ್ನ ಮನಶ್ಯಾಳಾದ್ಲು,’ ಎಂದಳು ಅವ್ವ, ರಾಟಿ ನಿಲ್ಲಿಸದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ವಹಿಯಲ್ಲಿ ಮೂರು ಪುಟ ಇದ್ದ ಪಾಠವನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು. ಆ ಪಾಠಕ್ಕೆ ನಾನು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಿದ್ದೆ, ಅರ್ಥವಾದದ್ದು ಅವತ್ತು. ಕಾಣದಿದ್ದರೂ ಇರುತ್ತದೆ ಎಂಬ ನಂಬಿಕೆಯನ್ನು ಯಾರೂ ಕಲಿಸಲಿಲ್ಲ. ನಿನ್ನೆ ಇರಲಿಲ್ಲ, ಇವತ್ತು ಇತ್ತು. ನಾನು ತಖ್ತೆಯ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಇಷ್ಟು ದೊಡ್ಡ ಸಂಗತಿಗೆ ಇಷ್ಟು ಸಣ್ಣ ಗುರುತೇ ಎನಿಸಿತು.

ಒಂದೂವರೆ ವರ್ಷಕ್ಕೆ ಅವಳು ಕಂಡಿಕೆಗಳನ್ನು ಬಣ್ಣ ಬಣ್ಣ ಬೇರೆ ಮಾಡಿ ಗುಂಪು ಹಾಕುತ್ತಿದ್ದಳು. ಲಾಳಿಯ ನೂಲು ತೀರುವ ಹೊತ್ತಿಗೆ ಅಪ್ಪ ಬುಟ್ಟಿಯ ಕಡೆ ನೋಡುವನು. ನೋಡಿದ್ದೇ ತಡ, ಕೆಂಪು ಬೇಕಾದರೆ ಕೆಂಪು, ಹಸಿರು ಬೇಕಾದರೆ ಹಸಿರು ಕಂಡಿಕೆ ಅವನ ಕೈಗೆ ಬರುತ್ತಿತ್ತು. ಅಪ್ಪ ಕೇಳುತ್ತಿರಲಿಲ್ಲ, ಅವಳು ಏನೂ ಅನ್ನುತ್ತಿರಲಿಲ್ಲ.

ಅವಳು ಏನೂ ಅನ್ನುತ್ತಿರಲಿಲ್ಲ ಎಂಬುದೇ ಈಗಿನ ಚಿಂತೆ. ಒಂದು ವರ್ಷ ತುಂಬುವ ಹೊತ್ತಿಗೆ ಒಂದೆರಡು ಮಾತು ಬರಬೇಕಿತ್ತು, ಬರಲಿಲ್ಲ. ಒಂದೂವರೆ ವರ್ಷದ ಮನೆ ಖಾಲಿ. ಎರಡು ವರ್ಷದ ಮನೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ, ಮತ್ತೆ ಆರು ತಿಂಗಳಾದಾಗ ಅದರ ಮೇಲೆ ಇನ್ನೊಂದು ಗೆರೆ ಎಳೆದೆ. ಎರಡೂವರೆ ವರ್ಷದ ಹುಡುಗಿ, ಅಪ್ಪಾ ಇಲ್ಲ, ಅವ್ವಾ ಇಲ್ಲ. ಬೇಕಾದ್ದಕ್ಕೆ ಬಂದು ಮೈ ಮುಟ್ಟುವಳು, ಕೈ ತೋರಿಸುವಳು. ಅವ್ವ ದಿನಾ ಮುಂಜಾನೆ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಗೆಗೆ ಹಚ್ಚಿದಳು. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಹಾಗಾದರೆ ದೋಷ ತಲೆಯೊಳಗೇ ಇರಬೇಕು. ನನ್ನ ವಹಿಯ ಕೊನೆಯ ಪಾಠದ ಹೆಸರು ‘ಮಂದಬುದ್ಧಿಯ ಮಕ್ಕಳು’. ಆ ಪಾಠವನ್ನು ನಾನು ಶಾಲೆಯ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿ, ಮೇಜಿನ ಕೆಳಗಿಟ್ಟುಕೊಂಡು ಓದುತ್ತಿದ್ದೆ. ಮನೆಗೆ ಬಂದು ಮಗಳ ಮುಖ ನೋಡಲು ನನಗೆ ಅಂಜಿಕೆಯಾಗುತ್ತಿತ್ತು.

‘ಆ ಹಾಳಿ ನೋಡೂದು ಬಿಟ್ಟು ಕೂಸಿನ್ನ ನೋಡ್ರಿ,’ ಎಂದು ಕಸ್ತೂರಿ ಒಂದು ದಿನ ತಖ್ತೆಯನ್ನು ಕಿತ್ತು ಮಡಚಿ ಟ್ರಂಕಿಗೆ ಹಾಕಿದಳು. ನಾನು ತಡೆಯಲಿಲ್ಲ.

ಆ ವರ್ಷ ಪಂಚಮಿ ಹಬ್ಬಕ್ಕೆ ಕಸ್ತೂರಿಯ ಅಣ್ಣ ಬಂದು ತಂಗಿಯನ್ನೂ ನೀಲಾಳನ್ನೂ ಬಾದಾಮಿಗೆ ಕರೆದುಕೊಂಡು ಹೋದ. ಹಿಂದಿನ ವರ್ಷ ಅವ್ವನ ಕಾಲು ಉಳುಕಿ ಕಸ್ತೂರಿಗೆ ತವರಿಗೆ ಹೋಗಲಾಗಿರಲಿಲ್ಲ. ಹಾಗಾಗಿ ಈ ಸಲ ಇಪ್ಪತ್ತು ದಿನ ಉಳಿದಳು. ಕರೆತರಲು ನಾನು ಒಂದು ಶನಿವಾರ, ಮುಂಜಾನೆಯ ಶಾಲೆ ಮುಗಿಸಿ ಬಾದಾಮಿಗೆ ಹೊರಟೆ. ಮಾವನ ಮನೆ ಹೊಂಡದ ದಂಡೆಯ ಬಳಿ. ಸಂಜೆಯ ಹೊತ್ತು. ಓಣಿಯ ತಿರುವಿನಲ್ಲಿ ಬರುತ್ತಿದ್ದಾಗ ಯಾವುದೋ ಹುಡುಗಿ ಕೂಗುವುದು ಕೇಳಿಸಿತು.

‘ಮಂಗ್ಯಾ ಬಂತು. ದೊಡ್ಡ ಮಂಗ್ಯಾ ಬಂತು. ಬಾಳಿಹಣ್ಣ ಒಯ್ತು.’

ಯಾರ ಮನೆಯ ಕೂಸೋ, ಎಷ್ಟು ಚಂದ ಮಾತಾಡುತ್ತದೆ ಎಂದುಕೊಂಡೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಮಾವನ ಕಟ್ಟೆಯ ಮೇಲೆ ನೀಲಾ ನಿಂತಿದ್ದಾಳೆ, ಮಾಳಿಗೆಯ ಮೇಲಿನ ಕೋತಿಯ ಕಡೆ ಕೈ ಚಾಚಿದ್ದಾಳೆ. ನನ್ನನ್ನು ನೋಡಿ ಅದೇ ದನಿಯಲ್ಲಿ ‘ಅಪ್ಪಾ ಬಂದಾ’ ಎಂದಳು. ಮಗಳ ದನಿ ನನಗೆ ಗುರುತು ಸಿಗಲಿಲ್ಲ, ಏಕೆಂದರೆ ಅಲ್ಲಿಯವರೆಗೆ ನಾನು ಅದನ್ನು ಕೇಳಿಯೇ ಇರಲಿಲ್ಲ. ಚೀಲ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬೀದಿಯವರು ನೋಡುತ್ತಿದ್ದಾರೆ ಎಂಬುದೂ ಗೊತ್ತಾಗದೆ ಅತ್ತೆ.

ಕಸ್ತೂರಿ ಹೊರಗೆ ಬಂದು ಬಾಗಿಲಿಗೆ ಆತು ನಿಂತಳು. ‘ಬಂದ ಐದನೇ ದಿನಕ್ಕ ಶುರು ಮಾಡಿದ್ಲು. ನಿಲ್ಲವಲ್ಲಳು. ಕಾಗದಾ ಬರೀಬೇಕಂದಿದ್ನಿ, ನೀವ ಬಂದು ಕೇಳ್ರಿ ಅಂತ ಬಿಟ್ನಿ.’

ಎರಡೂವರೆ ವರ್ಷ ಅವಳ ತಲೆಯೊಳಗೆ ಮಾತುಗಳು ಎಲ್ಲಿ ಕುಳಿತಿದ್ದವು? ಒಂದೊಂದಾಗಿ ಬರಬೇಕಾದವು, ಬಂದರೆ ಸಾಲುಸಾಲಾಗಿ ಬಂದವು. ಅಷ್ಟೂ ದಿನ ಅವಳು ಕೇಳುತ್ತಲೇ ಇದ್ದಳು, ಕೂಡಿಡುತ್ತಲೇ ಇದ್ದಳು. ಆದರೆ ನಮ್ಮ ಮನೆಯಲ್ಲಿ ಏಕೆ ಒಂದೂ ಬರಲಿಲ್ಲ ಎಂಬುದು ಮರುದಿನ ಬಸ್ಸಿನಲ್ಲಿ ಇಳಕಲ್ಲು ಮುಟ್ಟುವವರೆಗೂ ನನ್ನನ್ನು ಕೊರೆಯುತ್ತಿತ್ತು. ಮನೆಗೆ ಕಾಲಿಟ್ಟಕೂಡಲೇ ಮತ್ತೆ ಮೂಕಿಯಾಗಿಬಿಟ್ಟರೆ ಎಂದು ಹೆದರಿಕೆ.

ಹಾಗಾಗಲಿಲ್ಲ. ಬಾಗಿಲಲ್ಲೇ ‘ಆಯೀ, ಮಂಗ್ಯಾ ಹಣ್ಣ ಒಯ್ತು’ ಎಂದು ಅವ್ವನಿಗೆ ಕೂಗಿ ಹೇಳಿದಳು. ಅವ್ವ ರಾಟಿ ಬಿಟ್ಟು ಎದ್ದು ಬಂದು ಅವಳ ಬಾಯ ಮೇಲೆ ಕೈಯಾಡಿಸಿ ಲಟಿಕೆ ಮುರಿದಳು. ಅಪ್ಪ ನಮಗೆ ಬೆನ್ನು ಮಾಡಿ ನೇಯುತ್ತಿದ್ದ. ಮೊಮ್ಮಗಳು ಮಾತಾಡುತ್ತಿದ್ದಾಳೆ, ಅವನು ತಿರುಗಿ ನೋಡುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

ನೀಲಾ ಓಡಿಹೋಗಿ ಕುಣಿಯ ಅಂಚಿನಲ್ಲಿ ತನ್ನ ಠಿಕಾಣಿಯಲ್ಲಿ ನಿಂತಳು. ನಿಂತರೆ ಅವಳ ಮುಖ ಕುಳಿತ ಅಜ್ಜನ ಮುಖದ ಸಮಕ್ಕೆ ಬರುತ್ತಿತ್ತು. ಎರಡೂ ಕೈಯಿಂದ ಅಜ್ಜನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಕೋತಿಯ ಕಥೆ ಹೇಳಿದಳು. ಕೈಯಿಂದ ಬಾಲ ಮಾಡಿದಳು, ಹಣ್ಣು ಸುಲಿದಳು, ತುಟಿ ಆಡಿಸಿದಳು. ದನಿ ಮಾತ್ರ ಇರಲಿಲ್ಲ. ಬಾಗಿಲಲ್ಲಿ ಅಷ್ಟು ಕೂಗಿದ ಹುಡುಗಿ ಅಜ್ಜನ ಮುಂದೆ ಒಂದಿಷ್ಟೂ ಸದ್ದು ಮಾಡದೆ ಎಲ್ಲವನ್ನೂ ಹೇಳಿದಳು.

ಅಪ್ಪ ನಕ್ಕ. ‘ಮಂಗ್ಯಾ? ಎಷ್ಟಿದ್ದೂ?’ ಎಂದ. ಅವಳು ಎರಡು ಬೆರಳು ತೋರಿಸಿದಳು.

ನಾನು ಅವಳನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದೆ. ‘ನೀಲಾ, ಅಜ್ಜಾಗ ಯಾಕ ಒದರಿ ಹೇಳಲಿಲ್ಲ?’ ಎಂದು ಕೇಳಿದೆ.

ಅವಳು ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ‘ಅಜ್ಜಾಗ ಹಿಂಗ,’ ಎಂದಳು. ಮಾಸ್ತರನಾದವನಿಗೆ ಇದೂ ಗೊತ್ತಿಲ್ಲವೇ ಎನ್ನುವಂತಿತ್ತು ಆ ಮುಖ.

ಒಳಗೆ ಹೋದೆ. ಅಪ್ಪ ಲಾಳಿಯ ಕಂಡಿಕೆ ಬದಲಿಸುತ್ತಿದ್ದ, ಮಗ್ಗ ನಿಂತಿತ್ತು. ಅವನ ಬೆನ್ನ ಹಿಂದೆ ನಿಂತು ‘ಅಪ್ಪಾ’ ಎಂದೆ. ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ. ಮೂರನೆಯ ಸಲ ಓಣಿಗೆ ಕೇಳುವಂತೆ. ಅಪ್ಪ ನೂಲಿನ ತುದಿಯನ್ನು ನಾಲಗೆಗೆ ಮುಟ್ಟಿಸಿ ಹೊಸೆಯುತ್ತ ಕುಳಿತಿದ್ದ.

‘ಅವರು ಮೊದಲಿಂದ ಹಂಗ. ಕರದ್ರ ಓ ಅನ್ನೂ ಮನಶ್ಯಾ ಅಲ್ಲ,’ ಎಂದಳು ಅವ್ವ. ಅವನ ಜೊತೆ ಅಷ್ಟು ವರ್ಷ ಬಾಳಿದ ಅವಳೂ ಹಾಗೆಯೇ ತಿಳಿದಿದ್ದಳು. ಮಗ್ಗದ ಮನೆಯಲ್ಲಿ ಗಂಡಹೆಂಡಿರ ಮಾತು ಹೇಗೂ ಅರ್ಧ ಕೈಸನ್ನೆಯಲ್ಲೇ ನಡೆಯುತ್ತದೆ. ಕೊರತೆ ಅವಳಿಗೆ ಗೊತ್ತಾಗಿರಲಿಲ್ಲ. ನಾನು ಹಿತ್ತಾಳೆಯ ತಾಟು ಬಡಿದ ದಿನ ತಿರುಗಿ ನೋಡದವರು ಇಬ್ಬರು. ನಾನು ಒಬ್ಬರದನ್ನು ಮಾತ್ರ ಬರೆದುಕೊಂಡಿದ್ದೆ.

ಅಪ್ಪನ ಮಗ್ಗುಲಲ್ಲೇ ಬೆಳೆದ ಕೂಸು ಕೂಗಿದರೆ ಉತ್ತರ ಬರುವುದಿಲ್ಲ, ಮುಖ ತಿರುಗಿಸಿದರೆ ಬರುತ್ತದೆ ಎಂದು ಎಂದೋ ಕಂಡುಕೊಂಡಿತ್ತು. ಆ ಖಟಪಟದಲ್ಲಿ ನಾವೂ ಅದರ ಸನ್ನೆಗೇ ಬೇಕಾದ್ದು ಕೊಡುತ್ತಿದ್ದೆವು. ಅದಕ್ಕೆ ಕೂಗುವುದನ್ನೇ ಬಿಟ್ಟಿತ್ತು. ಮಾತು ಕೆಲಸಕ್ಕೆ ಬರುವ ಮಂದಿಯೂ ಇದ್ದಾರೆಂದು ಬಾದಾಮಿಯಲ್ಲಿ ಗೊತ್ತಾದಾಗ ಅದನ್ನೂ ಹೊರಗೆ ತೆಗೆಯಿತು. ಅಷ್ಟೇ ಆಗಿದ್ದರೆ ನಾನು ಇಷ್ಟು ಬೆರಗಾಗುತ್ತಿರಲಿಲ್ಲ. ತನಗೆ ಕೇಳುವುದು ಎದುರಿನವರಿಗೂ ಕೇಳುತ್ತದೆ ಎಂದು ಚಿಕ್ಕ ಮಕ್ಕಳು ತಿಳಿದಿರುತ್ತಾರೆ. ಅವರ ಒಳಗು ಬೇರೆ, ನನ್ನ ಒಳಗು ಬೇರೆ ಎಂದು ತಿಳಿಯಲು ಶಾಲೆಗೆ ಬರುವ ವಯಸ್ಸಾಗಬೇಕು ಎಂದು ನಾವು ಓದಿದ್ದೆವು. ಇನ್ನೂ ಮೂರು ತುಂಬದ ನನ್ನ ಮಗಳು, ಮಂದಬುದ್ಧಿಯವಳೇನೋ ಎಂದು ನಾನು ಕದ್ದು ಕದ್ದು ಓದಿ ಹೆದರಿದ ಮಗಳು, ಇನ್ನೊಬ್ಬ ಮನುಷ್ಯನ ಒಳಗೆ ಹೋಗಿ ಅಲ್ಲಿ ಸದ್ದಿಲ್ಲ ಎಂಬುದನ್ನು ನೋಡಿಕೊಂಡು ಬಂದಿದ್ದಳು. ಮೂವತ್ತು ದಾಟಿದ ನಾನು ಹೊಸಲಿನಲ್ಲಿ ನಿಂತು ಅದಕ್ಕೆ ಸಿಟ್ಟು ಎಂದು ಹೆಸರಿಟ್ಟಿದ್ದೆ.

ಅಪ್ಪನ ಗದ್ದ ಹಿಡಿಯುವುದು ನನ್ನಿಂದಾಗುವ ಕೆಲಸವಲ್ಲ. ಹೋಗಿ ಅವನ ಎದುರಿಗೆ, ಮಗ್ಗದ ಪಕ್ಕದ ಬರಿನೆಲದ ಮೇಲೆ ಕುಳಿತೆ. ಅವನು ಕಣ್ಣೆತ್ತುವವರೆಗೆ ಕಾಯ್ದೆ. ನೀಲಾ ಬಂದು ನಮ್ಮಿಬ್ಬರ ನಡುವೆ ಕುಳಿತಳು.

‘ಅಪ್ಪಾ, ನಿನಗ ಕೇಳಸೂದಿಲ್ಲೇನು?’

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ‘ಇಲ್ಲ,’ ಎಂದ, ಬಹಳ ಸಹಜವಾಗಿ. ‘ನೀ ಟ್ರೇನಿಂಗಿಗೆ ಹ್ವಾದ ಸುಮಾರಿಗೆ ಕಡಿಮಿ ಆಗಾಕ ಹತ್ತಿತ್ತು. ಈಗ ಏನೂ ಇಲ್ಲ.’

‘ಯಾಕ ಹೇಳಲಿಲ್ಲ?’

‘ನೇಯಾಕ ಕಿವಿ ಯಾಕ ಬೇಕು? ಕಣ್ಣು ಕೈ ಇದ್ರ ಆತು. ನೀ ಓದಿದಾಂವ, ತಾನ ತಿಳೀತಾನ ಅಂದಿದ್ನಿ.’

‘ನನ್ನ ಮ್ಯಾಲೆ ಸಿಟ್ಟ ಐತಿ ನಿನಗ ಅಂತ ತಿಳದಿದ್ನಿ. ಮಗ್ಗ ಬಿಟ್ಟು ಹ್ವಾದ್ನೆಲ್ಲ, ಅದಕ್ಕ.’ ತಲೆ ತಗ್ಗಿಸಿ ಅಂದೆ. ಅಪ್ಪನಿಗೆ ತಿಳಿಯಲಿಲ್ಲ. ನೀಲಾ ಕೈ ಚಾಚಿ ನನ್ನ ಗದ್ದ ಎತ್ತಿ ಅಜ್ಜನ ಕಡೆಗೆ ಹಿಡಿದಳು. ಇನ್ನೊಮ್ಮೆ ಹೇಳಿದೆ.

‘ಸಿಟ್ಟು ಯಾತಕಲೇ?’ ಎಂದ ಅಪ್ಪ. ಅವನ ಮುಖದಲ್ಲಿ ನಿಜವಾಗಿಯೂ ಗೊತ್ತಾಗದ ಭಾವವಿತ್ತು. ಲಾಳಿಯನ್ನು ತೊಡೆಯ ಮೇಲಿಟ್ಟ. ‘ದಿನಾ ಮುಂಜಾನೆ ನಾ ಮಗ್ಗಕ್ಕ ಕೂಡೂ ಮೊದಲ, ನೀ ಬಸ್ಸಿಗೆ ಹೋಗಾಗ ಬಾಗಲದಾಗ ನಿಂತು ಏನೋ ಅಂತೀ. ಹಿಂದ ಬೆಳಕಿರತೈತಿ, ಬಾಯಿ ಕಾಣಂಗಿಲ್ಲ. ಎಷ್ಟೋ ದಿನಾ ಕೇಳಬೇಕಂದ್ನಿ. ಏನಂತೀ ಅದು?’

‘ಬರ್ತೇನಿ ಅಪ್ಪಾ ಅಂತೇನಿ.’

ಅಪ್ಪ ತಲೆಯಾಡಿಸಿದ. ಅಷ್ಟು ವರ್ಷದ ಮುಂಜಾನೆಗಳಿಗೆಲ್ಲ ಸೇರಿಸಿ, ನಿಧಾನವಾಗಿ, ‘ಹೂಂ, ಹೋಗಿ ಬಾ’ ಎಂದ.

ಅವತ್ತು ರವಿವಾರ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.